ದಾರ ಕಟ್ಟಿದ ಪೆನ್ಸಿಲ್

ಏಳಕ್ಕೆ ಬಾಗಿಲು ತೆಗೆಯಬೇಕು.
ಆರೂಕಾಲಿಗೇ ಬಂದು
ಸ್ನೂಕರ್ ಮೇಜಿಗೆ ಹಳೇ ಬೆಡ್‌ಶೀಟ್ ಹೊದಿಸಿದೆವು,
ಮೂರು ಪೆನ್ಸಿಲ್ಲಿಗೆ ದಾರ ಕಟ್ಟಿದೆವು,
ಪೆಟ್ಟಿಗೆ ಬೋರಲು ಹಾಕಿ ಒದರಿ
ಖಾಲಿ ಎಂದು ಒಬ್ಬರಿಗೊಬ್ಬರು ಸಾಕ್ಷಿ ಹೇಳಿದೆವು.

ನಾಟಿಂಗ್‌ಹ್ಯಾಮ್ ಸೀಮೆಯ ಗಣಿ ಕಾರ್ಮಿಕರ ಕ್ಲಬ್ಬು ಇದು.
ಗಣಿ ಮುಚ್ಚಿ, ಅದರ ಮಣ್ಣುಗುಡ್ಡದ ಮೇಲೆ
ನಾಯಿಗಳು ವಾಕಿಂಗ್ ಹೋಗುತ್ತವೆ ಈಗ.
ಕ್ಲಬ್ಬಿಗೆ ಎರಡು ಬಾಗಿಲು:
ರಸ್ತೆ ಕಡೆಯದು
ಎಂಬತ್ನಾಲ್ಕರ ಮುಷ್ಕರದಲ್ಲಿ ಕೆಲಸಕ್ಕೆ ಹೋದವರದು,
ಹಿತ್ತಿಲ ಕಡೆಯದು ಹೋಗದೆ ಹಸಿದವರದು.
ಯಾರೂ ಬೋರ್ಡು ಬರೆಸಿಲ್ಲ. ಮೊಮ್ಮಕ್ಕಳಿಗೂ ಗೊತ್ತು.

ಇವತ್ತು ಮಾತ್ರ ಕೌನ್ಸಿಲ್ಲಿನವರು ಬೋರ್ಡು ಹಾಕುತ್ತಾರೆ:
ರಸ್ತೆ ಕಡೆ 'ಒಳಗೆ', ಹಿತ್ತಿಲ ಕಡೆ 'ಹೊರಗೆ'.
ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ
ಊರಿಗೆ ಊರೇ ಎದುರಾಳಿಯ ಹೊಸ್ತಿಲು ದಾಟಬೇಕು.
ಟ್ರೆವರ್ ಶಾಕ್‌ಲಾಕ್
ಮಡಿಯಲ್ಲಿದ್ದ ನಮ್ಮ ಸೋದರತ್ತೆಯ ಹಾಗೆ
ಕಾಲೆತ್ತಿ, ತಾಗಿಸದೆ, ದಾಟಿದ.

ಹನ್ನೊಂದು ವರ್ಷ ಅವನ ಹೆಂಡತಿಯ ಪಾದದ ಹುಣ್ಣಿಗೆ
ಪಟ್ಟಿ ಕಟ್ಟಿದವಳು ನಾನು.
ಆದರೂ ಕೇಳಬೇಕು: ಫೋಟೋ ಇರೋ ಗುರುತಿನ ಚೀಟಿ?
ಬಸ್ ಪಾಸು ತೋರಿಸಿದ.
ಆಸ್ಪತ್ರೆಗೆ ಹೋಗುತ್ತಿದ್ದ ಆ ಬಸ್ಸೇ ಈಗ ಇಲ್ಲ.

ನಲವತ್ತು ವರ್ಷ ಅವನ ಕಿಟಕಿಯಲ್ಲಿ ಕೆಂಪು ಪೋಸ್ಟರು.
ಬಸ್ಸು ನಿಲ್ಲಿಸಿದ್ದು ಕೆಂಪಿನವರು ಎಂದು
ಕಿತ್ತು, ಹೊಸ ಪಕ್ಷದ್ದು ಅಂಟಿಸಿದ್ದಾನೆ;
ಚಿಕ್ಕದು, ಹಳೆಯದರ ಚೌಕದ ಗುರುತು
ಸುತ್ತ ಇನ್ನೂ ಕಾಣುತ್ತದೆ.
ಪಕ್ಕದ ಮನೆ, ಒಂದೇ ಗೋಡೆ, ಬ್ಯಾರಿ ಆಸ್ಕ್ರಾಫ್ಟ್:
ಮುಷ್ಕರ ಮುರಿದವನು, ಅಂದಿನಿಂದ ನೀಲಿ.
ಬಸ್ಸು ಉಳಿಸದವರು ನೀಲಿಯವರು ಎಂದು
ಈ ಸಲ ಕೆಂಪು.
ಗೋಡೆಯಾಚೆ ಕೆಮ್ಮಿದರೆ ಕೇಳುತ್ತದಂತೆ.
ಮಾತಿಲ್ಲ.
ಬಣ್ಣ ಬದಲಾಯಿತಲ್ಲ ಎಂದು ಒಬ್ಬಳು ಟ್ರೆವರನನ್ನು ಛೇಡಿಸಿದಳು.
ಅಂವ ಹೇಳಿದ: ಪಕ್ಷ ಬಿಟ್ಟಿದ್ದೀನಿ ತಾಯಿ,
ಜಗಳ ಬಿಟ್ಟಿಲ್ಲ.

ನಾನು ನಗಬಾರದು. ಗುಮಾಸ್ತೆಗೆ ಮುಖ ಇರಬಾರದು.
ಹೆಸರು ಓದು, ಗೆರೆ ಎಳೆ, ಚೀಟಿ ಕೊಡು.

ಅಪ್ಪ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ
ಓಟಿನ ಶಾಯಿಯ ಶೀಶೆಗಳಿಗೆ ಬಿರಡೆ ಹಾಕುತ್ತಿದ್ದ.
ಉಗುರಂಚು ಸದಾ ನೇರಳೆ,
ಲೈಫ್‌ಬಾಯ್ ಸವೆದರೂ ಹೋಗದು.
ಊಟಕ್ಕೆ ಕೂತಾಗ ಕೈ ತಿರುಗಿಸಿ ತೋರಿಸುತ್ತಿದ್ದ:
ಅಳಿಸೋ ಹಾಗಿದ್ದರೆ ಅದೆಂಥ ಓಟು?
ಇಲ್ಲಿ ಸೀಸದ ಕಡ್ಡಿ, ಅಪ್ಪ.
ರಬ್ಬರು ಒಂದು ಇಟ್ಟಿಲ್ಲ, ಅಷ್ಟೇ.

ರಾತ್ರಿ ಹತ್ತಕ್ಕೆ ಬಾಗಿಲು ಹಾಕಿದೆವು.

ಮರುದಿನ ಬ್ಯಾಡ್ಮಿಂಟನ್ ಅಂಗಳದಲ್ಲಿ ಎಣಿಕೆ.
ಹೊಸಬನಿಗೆ ಆರುನೂರ ಹನ್ನೊಂದು.
ಕೆಂಪಿಗೆ ಆರುನೂರ ಹನ್ನೊಂದು.
ಮತ್ತೆ ಎಣಿಸಿದೆವು. ಮತ್ತೆ.
ಯಾರೋ ಒಬ್ಬರು ಚೌಕದಲ್ಲಿ ಬಸ್ಸಿನ ಚಿತ್ರ ಬರೆದಿದ್ದರು,
ಚಕ್ರ ಸಹಿತ. ಅದು ರದ್ದು.

ಸಾಹೇಬರು ಎರಡು ಚೀಟಿ ಬರೆದು, ಮಡಚಿ,
ಬಿಸ್ಕತ್ ಡಬ್ಬಿಗೆ ಹಾಕಿ ಕುಲುಕಿದರು.
ಅಗ್ರಹಾರದ ನಮ್ಮ ಚೀಟಿ ಗುಂಪಿನಲ್ಲಿ
ಇದಕ್ಕೊಂದು ಮಗುವನ್ನು ಕರೆಯುತ್ತಿದ್ದರು, ಕೈ ಶುದ್ಧ ಎಂದು.
ಇಲ್ಲಿ ಟೈ ಕಟ್ಟಿದ ಐವತ್ತರ ಗಂಡಸು
ಕಣ್ಣು ಮುಚ್ಚಿ ಮೇಲೆ ನೋಡಿದ.
ಒಂದು ಮೂಲೆಯಲ್ಲಿ ಕೂಗು ಎದ್ದಿತು,
ಇನ್ನೊಂದರಲ್ಲಿ ಕುರ್ಚಿ.

ನಾನು ಕೋಟಿನ ಜೇಬಿಗೆ ಕೈ ಹಾಕಿ ನಿಂತಿದ್ದೆ.
ಜೇಬಿನಲ್ಲಿ ನನ್ನ ಅಂಚೆ ಓಟು.
ನಿನ್ನೆಯಿಡೀ ಪೆಟ್ಟಿಗೆಯ ಪಕ್ಕವೇ ಕೂತಿದ್ದೆ,
ಕೈಯಳತೆಯ ದೂರ,
ಹತ್ತು ಗಂಟೆಯೊಳಗೆ ಕೊಡಬಹುದಿತ್ತು.
ಸಹಿ ಇದೆ, ಹುಟ್ಟಿದ ತಾರೀಖು ಇದೆ.
ಚೌಕಗಳು ಮಾತ್ರ ಬಿಳಿ.

ಯಾರಿಗೂ ಹೇಳಿಲ್ಲ.
ರಾತ್ರಿ ಪಾತ್ರೆ ತೊಳೆಯುವಾಗ
ಎಡಗೈ ತೋರುಬೆರಳನ್ನು
ಯಾಕೋ ಎರಡೆರಡು ಸಲ ತಿಕ್ಕಿದೆ.